ದುಡಿಮೆಯ ಪ್ರೇರಣೆ ಮತ್ತು ಉದ್ಯೋಗ ಸಿದ್ಧತೆ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ಸಾರಾಂಶ

ಪಾವಗಡದ ಸೌರ ಪಾರ್ಕ್ ಜಮೀನುದಾರರಿಗೆ ನಿಶ್ಚಿತ ವರಮಾನ ತಂದಿದೆ. ಆದರೆ ದುಡಿಮೆ ಬದುಕಿಗೆ ಕೊಡುವುದನ್ನೆಲ್ಲ ವರಮಾನವೊಂದೇ ಕೊಡಲಾರದು. ಯುವಜನರನ್ನು ಉದ್ಯೋಗಕ್ಕೆ ಸಜ್ಜುಗೊಳಿಸುವ ಯತ್ನದ ನಡುವೆ ಎರಡು ಸಂಗತಿಗಳಿರಬೇಕು: ಕೈಯಾರೆ ಕೆಲಸ ಮಾಡಿ ಗಳಿಸಿದ ಆತ್ಮವಿಶ್ವಾಸ ಮತ್ತು ಮೇಲೇರಲು ದಾರಿಯಿರುವ ಕೆಲಸ. ಇದು ಈ ಲೇಖನದ ವಾದ.

1. ಪ್ರಸ್ತಾವನೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಶಾಲಾ ಆಡಳಿತದ ದೃಷ್ಟಿಯಿಂದ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಲೆಕ್ಕ ಇಲ್ಲಿ ಪ್ರತಿವರ್ಷ ಸಿಗುತ್ತದೆ. ಪಾಸಾದವರು ಮುಂದೆ ಯಾವ ಕೆಲಸಕ್ಕೆ ಸೇರಿದರು, ಅಲ್ಲಿ ಯಾಕೆ ನಿಂತರು ಅಥವಾ ಬಿಟ್ಟರು ಎಂಬ ಚರ್ಚೆ ಮಾತ್ರ ಅಪರೂಪ. ಮಳೆ ನಂಬಿದ ಕಡಲೆಕಾಯಿ ಬೇಸಾಯ ಮತ್ತು ಬೆಂಗಳೂರಿನ ಕಡೆಗಿನ ವಲಸೆ, ಇವೆರಡರ ನಡುವೆ ಬೆಳೆದ ಮಕ್ಕಳಿಗೆ ಈ ಪ್ರಶ್ನೆ ದೊಡ್ಡದು.

2. ವರಮಾನ ಮತ್ತು ದುಡಿಮೆ

ಪಾವಗಡದ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ 'ಶಕ್ತಿ ಸ್ಥಳ' ಸೌರ ಪಾರ್ಕ್ ಹರಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಈ ಯೋಜನೆಗೆ ಭೂಸ್ವಾಧೀನದ ಬದಲು ಗುತ್ತಿಗೆಯ ದಾರಿ ಹಿಡಿಯಲಾಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಮೂಲ ದರದಲ್ಲಿ ಐದು ಎಕರೆಯ ಕುಟುಂಬಕ್ಕೆ ತಿಂಗಳಿಗೆ 8,750 ರೂಪಾಯಿ ಬಂದಂತಾಯಿತು. ಬರಗಾಲದ ಸೀಮೆಯಲ್ಲಿ ಇದು ಸಣ್ಣ ಆಸರೆಯಲ್ಲ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂರಹಿತರಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ.

ಆಸ್ಟ್ರಿಯಾದ ಮರಿಯೆಂಟಾಲ್ ಗ್ರಾಮದಲ್ಲಿ ಬಟ್ಟೆ ಗಿರಣಿ ಮುಚ್ಚಿದ ಬಳಿಕದ ಬದುಕನ್ನು ಮರೀ ಯಹೋಡಾ ಮತ್ತು ಸಂಗಡಿಗರು ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದರು. ಕೆಲಸವಿಲ್ಲದವರಿಗೆ ಬಿಡುವು ಹೆಚ್ಚಿದರೂ ಅವರ ಚಟುವಟಿಕೆ ಕುಗ್ಗಿತ್ತು. ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕೂಡ ಕಡಿಮೆಯಾಗಿತ್ತು. ದಿನಚರಿ, ಮನೆಯಾಚೆಯ ಒಡನಾಟ, ಸಾಮೂಹಿಕ ಗುರಿ, ಸ್ಥಾನಮಾನ ಮತ್ತು ನಿಯತ ಚಟುವಟಿಕೆ, ಈ ಐದನ್ನು ಉದ್ಯೋಗವು ಸಂಬಳದ ಜೊತೆಗೇ ಕೊಡುತ್ತದೆ ಎಂದು ಯಹೋಡಾ ಮುಂದೆ ನಿರೂಪಿಸಿದರು. ಪಾವಗಡದಲ್ಲಿ ಮುಚ್ಚಿದ್ದು ಕಾರ್ಖಾನೆಯಲ್ಲ, ಇಲ್ಲಿ ಹಣವೂ ಬರುತ್ತಿದೆ. ಆದ್ದರಿಂದ ಎರಡೂ ಊರುಗಳ ಸ್ಥಿತಿ ಒಂದೇ ಅಲ್ಲ. ಆದರೂ ಗುತ್ತಿಗೆ ಹಣ ಭೂಮಿಯ ಬೆಲೆಯನ್ನಷ್ಟೇ ತುಂಬಿಕೊಡುತ್ತದೆ, ದುಡಿಮೆಯ ಈ ಐದು ಕೊಡುಗೆಗಳನ್ನಲ್ಲ. ಭೂರಹಿತರಿಗಂತೂ ಹಣವೂ ಇಲ್ಲ, ಕೆಲಸವೂ ಇಲ್ಲ.

3. ಕೆಲಸದ ಸ್ವರೂಪ

ಕಟ್ಟುವ ಹಂತ ಮುಗಿದ ಮೇಲೆ ಸೌರ ಘಟಕಕ್ಕೆ ಹೆಚ್ಚು ಜನ ಬೇಕಾಗುವುದಿಲ್ಲ. ಸ್ಥಳೀಯರ ಪಾಲಿಗೆ ಸಾಮಾನ್ಯವಾಗಿ ಉಳಿಯುವುದು ಕಾವಲು, ಫಲಕ ತೊಳೆಯುವುದು, ಹುಲ್ಲು ಕೊಯ್ಯುವುದು. ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ 1976ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ, ಕೌಶಲಗಳ ವೈವಿಧ್ಯ, ಕೆಲಸದ ಪೂರ್ಣತೆ, ಅದರ ಮಹತ್ವ, ಸ್ವಾಯತ್ತತೆ ಮತ್ತು ಫಲದ ಅರಿವು ಕೂಡಿದಾಗ ಒಳಗಿನಿಂದ ಹುರುಪು ಹುಟ್ಟುತ್ತದೆ. ಫಲಕ ತೊಳೆಯುವ ಕೆಲಸಕ್ಕೆ ಮಹತ್ವವಿದೆ: ಧೂಳು ಕೂತರೆ ಉತ್ಪಾದನೆ ಇಳಿಯುತ್ತದೆ. ಆದರೆ ತೊಳೆದ ಸಾಲಿನ ಉತ್ಪಾದನೆ ಎಷ್ಟು ಏರಿತೆಂದು ತೊಳೆದವರಿಗೆ ತಿಳಿಸದಿದ್ದರೆ ಆ ಮಹತ್ವ ಅವರ ಅನುಭವಕ್ಕೆ ಬಾರದು. ದಿನದ ಅಂಕಿ ತೋರಿಸುವುದು, ದೋಷ ಗುರುತಿಸಲು ಕಲಿಸುವುದು, ಅಲ್ಲಿಂದ ಇನ್ವರ್ಟರ್ ನಿರ್ವಹಣೆಯ ಸಹಾಯಕರಾಗಲು ದಾರಿ ಮಾಡಿಕೊಡುವುದು ಹೆಚ್ಚು ಖರ್ಚಿಲ್ಲದ ಸುಧಾರಣೆಗಳು.

4. ಸಿದ್ಧತೆಯ ಮನೋವಿಜ್ಞಾನ

'ನನ್ನಿಂದ ಆಗುತ್ತದೆ' ಎಂಬ ನಂಬಿಕೆಗೆ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವಂತ ಸಾಧನೆ, ತನ್ನಂಥವರ ಸಾಧನೆಯ ದರ್ಶನ, ಹುರಿದುಂಬಿಸುವ ಮಾತು ಮತ್ತು ದೇಹ–ಮನಸ್ಸಿನ ಸ್ಥಿತಿ. ಇವುಗಳಲ್ಲಿ ಸ್ವಂತ ಸಾಧನೆಯೇ ಪ್ರಬಲ. ಉದ್ಯೋಗ ಮೇಳದ ಭಾಷಣ ಮೂರನೆಯದನ್ನಷ್ಟೇ ಮುಟ್ಟುತ್ತದೆ. ಮೊದಲ ಎರಡಕ್ಕೆ ಬೇಕಾದ ವೇದಿಕೆಗಳು ಹತ್ತಿರದಲ್ಲೇ ಇವೆ. ಐಟಿಐ ಮುಗಿಸಿದವರಿಗಾಗಿ ರೂಪಿಸಿದ 600 ಗಂಟೆಗಳ 'ಸೂರ್ಯಮಿತ್ರ' ತರಬೇತಿಯಿದೆ; 1961ರ ಅಪ್ರೆಂಟಿಸ್ ಕಾಯ್ದೆಯ ಅವಕಾಶವಿದೆ. ಶಿರಾ, ಕೊರಟಗೆರೆ ಕಡೆಯವರಿಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶವಿದೆ. 2014ರಲ್ಲಿ ಉದ್ಘಾಟನೆಯಾದ ಫುಡ್ ಪಾರ್ಕ್ ಇರುವುದು ಅಲ್ಲೇ. ಶಾಲೆಯಲ್ಲಿರುವಾಗಲೇ ಇಂಥ ಕಡೆ ಕೆಲಸ ಕಂಡು, ಅದೇ ಊರಿನಿಂದ ಬಂದು ಯಂತ್ರ ನಡೆಸುವ ಹಿರಿಯರ ಜೊತೆ ಮಾತಾಡಿದ ಹುಡುಗಿಗೆ ಸಂದರ್ಶನದ ಅಳುಕು ಕಡಿಮೆಯಾಗುತ್ತದೆ. ಕನ್ನಡ–ತೆಲುಗು ಎರಡನ್ನೂ ಆಡುವ ಪಾವಗಡದ ಮಕ್ಕಳ ಭಾಷಾಬಲವೂ ಉದ್ಯೋಗ ಕೌಶಲವೆಂದು ಎಣಿಕೆಗೆ ಬರಬೇಕು.

5. ಸಮಾರೋಪ

ಈ ವಿಶ್ಲೇಷಣೆಯಿಂದ ಮೂರು ಸಲಹೆಗಳು ಹೊರಡುತ್ತವೆ. ಒಂದು, ಘಟಕಗಳ ನಿರ್ವಹಣಾ ಕೆಲಸಕ್ಕೆ ಬಡ್ತಿಯ ಮೆಟ್ಟಿಲುಗಳನ್ನು ಬರಹದಲ್ಲಿ ನಿಗದಿಪಡಿಸಬೇಕು. ಎರಡು, ತರಬೇತಿಯಲ್ಲಿ ಭೂರಹಿತ ಕುಟುಂಬದ ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ ಸಿಗಬೇಕು. ಊರಿನ ಬದಲಾವಣೆಗೆ ಹೆಚ್ಚು ಬೆಲೆ ತೆತ್ತವರು ಅವರೇ. ಮೂರು, ಶೈಕ್ಷಣಿಕ ಜಿಲ್ಲೆಯು ಪಾಸಾದವರ ಲೆಕ್ಕದಂತೆಯೇ ಕೆಲಸದಲ್ಲಿ ನೆಲೆನಿಂತವರ ಲೆಕ್ಕವನ್ನೂ ಇಡಬೇಕು. ಈ ಸೀಮೆಯ ಯುವಜನರಲ್ಲಿ ದುಡಿಯುವ ಮನಸ್ಸಿಲ್ಲ ಎನ್ನುವ ಮೊದಲು, ಆ ಮನಸ್ಸು ಬೆಳೆಯುವಂಥ ಕೆಲಸವನ್ನು ನಾವು ಅವರ ಮುಂದಿಟ್ಟಿದ್ದೇವೆಯೇ ಎಂದು ಪರೀಕ್ಷಿಸುವುದು ಆಡಳಿತದ, ಉದ್ಯಮದ ಮತ್ತು ವಿದ್ವತ್ ಲೋಕದ ಹೊಣೆ.