‘ಲೊಹಿ’: ಒಂದು ಮೀನಿನ ಹೆಸರಿನ ನಿಷ್ಪತ್ತಿ

ಫಿನ್ನಿಷ್ ಭಾಷೆಯಲ್ಲಿ ಮೀನಿಗೆ ‘ಕಲ’ ಎಂದು ಹೆಸರು. ಹಂಗೇರಿಯನ್ ‘ಹಲ್’ ಇದರ ಜ್ಞಾತಿಪದವಾದುದರಿಂದ ಇದು ಯುರಾಲಿಕ್ ಮೂಲದ ದೇಶ್ಯಪದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿಯ ನದಿಗಳ ಶ್ರೇಷ್ಠ ಮೀನಾದ ಸಾಲ್ಮನ್ನಿನ ಹೆಸರು ‘ಲೊಹಿ’ ಎರವಲು. ಲಿಥುವೇನಿಯನ್ನಿನಲ್ಲಿ ಅದು ‘ಲಶಿಶ’, ಲಾಟ್ವಿಯನ್ನಿನಲ್ಲಿ ‘ಲಸಿಸ್’.

ಶಕಾರವೆಲ್ಲಿ ಹೋಯಿತು? ಪ್ರಾಚೀನ ಫಿನ್ನಿಕ್‌ನಲ್ಲಿ ಅದು ಹಕಾರವಾಯಿತು. ಪೈರನ್ನು ಸುಡುವ ಹಿಮಕ್ಕೆ ಲಿಥುವೇನಿಯನ್ನರು ‘ಶಲ್ನ’ ಎಂದರೆ ಫಿನ್ನರು ‘ಹಲ್ಲ’ ಎನ್ನುತ್ತಾರೆ. ‘ಪಾಲ್’ ‘ಹಾಲು’ ಆದುದನ್ನು ಬಲ್ಲ ನಮಗೆ ಇಂತಹ ಧ್ವನಿನಿಯಮ ಹೊಸದಲ್ಲ. ಬಾಲ್ಟಿಕ್ ಭಾಷೆಗಳಿಂದ ಬಂದ ಈ ಬಗೆಯ ಎರವಲುಗಳನ್ನು ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ ಅವರು 1890ರಷ್ಟು ಹಿಂದೆಯೇ ವಿವೇಚಿಸಿದ್ದಾರೆ.

ಮನೆಬಾಗಿಲ ಮೀನಿಗೆ ನೆರೆಯವರ ಹೆಸರೇಕೆ? ಫಿನ್ನರ ಭಾಷಾಪೂರ್ವಜರು ವೋಲ್ಗಾ ಪ್ರದೇಶದಿಂದ ಪಶ್ಚಿಮಕ್ಕೆ ಬಂದವರೆಂದು ಹಲವು ವಿದ್ವಾಂಸರು ಒಪ್ಪುತ್ತಾರೆ. ವೋಲ್ಗಾ ಸೇರುವುದು ಕ್ಯಾಸ್ಪಿಯನ್ನನ್ನು. ಬಾಲ್ಟಿಕ್ ಕಡಲಿನಿಂದ ನದಿಯೇರುವ ಸಾಲ್ಮನ್ ಅಲ್ಲಿಗೆ ಬಾರದು. ಹೊಸ ಕರಾವಳಿಯಲ್ಲಿ ಕಂಡ ಮೀನಿಗೆ ಅಲ್ಲಿ ಮೊದಲೇ ನೆಲೆಸಿದ್ದವರ ಹೆಸರನ್ನೇ ಅವರು ಕಲಿತರೆಂದು ನಾವು ಭಾವಿಸುತ್ತೇವೆ. ಸಿಹಿನೀರಿನ ಸಣ್ಣ ಮೀನು ‘ಸ್ಯಾರ್ಕಿ’ಗಾದರೋ ವೋಲ್ಗಾ ಸೀಮೆಯ ಮೊರ್ದ್ವಿನ್ ಭಾಷೆಗಳಲ್ಲಿ ಜ್ಞಾತಿಪದವುಂಟು. ಹಾವುಮೀನಿನ ಹೆಸರು ‘ಅಂಕೆರಿಯಸ್’ ಮತ್ತೆ ಬಾಲ್ಟಿಕ್ ಮೂಲದ್ದೇ. ಆ ಮೀನೂ ಕಡಲಿನಿಂದಲೇ ನದಿಗೆ ಬರುವಂಥದು.