ರಂಗದೀಪದ ದೂರ

ನಾಟಕಶಾಲೆಯ ಚರಿತ್ರೆಯನ್ನು ಹೇಳುವಾಗ ನಾವು ಕವಿಗಳನ್ನೂ ನಟರನ್ನೂ ಸ್ಮರಿಸುತ್ತೇವೆ. ದೀಪವನ್ನು ಸ್ಮರಿಸುವುದು ವಿರಳ. ಆದರೂ ನಟನ ಮುಖವು ನಮಗೆ ಕಾಣುವುದು ದೀಪದಿಂದಲೇ. ಆ ದೀಪವು ಅವನಿಂದ ಎಷ್ಟು ದೂರದಲ್ಲಿರಬಹುದೆಂಬುದು ಒಂದು ಕಾಲದಲ್ಲಿ ಪ್ರಾಣದ ಪ್ರಶ್ನೆಯೇ ಆಗಿದ್ದಿತು.

ದೂರ ಹೋದಂತೆ ಬೆಳಕು ಕ್ಷೀಣಿಸುವುದನ್ನು ಎಲ್ಲರೂ ಬಲ್ಲೆವು. ಅದರ ಲೆಕ್ಕವನ್ನು ೧೬೦೪ರಲ್ಲಿ ಕೆಪ್ಲರನು ತಿಳಿಸಿದನು: ದೂರವು ಇಮ್ಮಡಿಯಾದರೆ ಬೆಳಕು ಕಾಲುಭಾಗವಾಗುವುದು, ಮುಮ್ಮಡಿಯಾದರೆ ಒಂಬತ್ತರಲ್ಲೊಂದು ಪಾಲು. ಆದುದರಿಂದ ಎಣ್ಣೆ, ಮೇಣದಬತ್ತಿ, ಗ್ಯಾಸುಗಳ ಮಂದ ಜ್ವಾಲೆಯನ್ನು ನಟನ ಬಳಿಗೇ ತರಬೇಕಾಗಿದ್ದಿತು. ನಮ್ಮ ಯಕ್ಷಗಾನದಲ್ಲಿ ದೀವಟಿಗೆಗಳು ವೇಷದ ಸಮೀಪದಲ್ಲಿ ಉರಿಯುತ್ತಿದ್ದುದೂ, ಯೂರೋಪಿನ ರಂಗದ ಅಂಚಿನಲ್ಲಿ ನಟರ ಕಾಲ ಬಳಿ ದೀಪಗಳ ಸಾಲು ಇದ್ದುದೂ ಈ ಕಾರಣದಿಂದಲೇ.

ಈ ಸಾಮೀಪ್ಯಕ್ಕೆ ತೆತ್ತ ಬೆಲೆ ಅಲ್ಪವಲ್ಲ. ೧೮೬೨ರ ನವೆಂಬರಿನಲ್ಲಿ, ಪ್ಯಾರಿಸ್ಸಿನ ಆಪೆರಾದಲ್ಲಿ ಅಭ್ಯಾಸ ನಡೆಯುತ್ತಿದ್ದಾಗ, ಎಮ್ಮಾ ಲಿವ್ರಿ ಎಂಬ ೨೦ ವರ್ಷದ ನರ್ತಕಿಯ ತೆಳುವಸ್ತ್ರಕ್ಕೆ ಗ್ಯಾಸುದೀಪದ ಜ್ವಾಲೆ ತಗುಲಿತು. ಎಂಟು ತಿಂಗಳು ಬೇನೆಯನ್ನುಂಡು ೧೮೬೩ರ ಜುಲೈಯಲ್ಲಿ ಆಕೆ ಮೃತಳಾದಳು.

ದೀಪವನ್ನು ದೂರ ಸರಿಸುವ ದಾರಿಯು ಅದಕ್ಕೆ ಮೊದಲೇ ಗೋಚರಿಸಿದ್ದಿತು. ಆಮ್ಲಜನಕ ಜಲಜನಕಗಳ ಜ್ವಾಲೆಯಲ್ಲಿ ಸುಣ್ಣದ ಗಟ್ಟಿಯನ್ನು ಕಾಯಿಸಿದರೆ ಕಣ್ಣು ಕೋರೈಸುವ ಬೆಳಕು ಹೊರಡುವುದು. ಐರ್ಲೆಂಡಿನ ಭೂಮಾಪನದಲ್ಲಿ ಡ್ರಮಂಡನು ೧೮೨೫ರಲ್ಲಿ ಇದನ್ನು ೬೦ ಮೈಲಿಗೂ ಮೀರಿದ ದೂರಕ್ಕೆ ಕಾಣಿಸಿದನು. ೧೮೩೭ರಲ್ಲಿ ಅದು ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗವನ್ನು ಸೇರಿತು. ಮಸೂರದ ಮೂಲಕ ಅದರ ಕಿರಣಗಳನ್ನು ದೂರದಿಂದ ಒಬ್ಬನೇ ನಟನ ಮೇಲೆ ಕೂಡಿಸಬಹುದಾಗಿದ್ದಿತು. ಆದರೆ ಪ್ರತಿಯೊಂದು ದೀಪಕ್ಕೂ ಒಬ್ಬ ಕಾವಲಾಳು ಬೇಕಾದುದರಿಂದ ಗ್ಯಾಸಿನ ಸಾಲುಗಳು ತೊಲಗಲಿಲ್ಲ.

ಕಿರಣವನ್ನು ಕೂಡಿಸುವುದರ ಮರ್ಮವು ಕೋನದಲ್ಲಿದೆ. ೨೦ ಡಿಗ್ರಿ ಹರಡುವ ಕಿರಣವು ೩೦ ಅಡಿ ದೂರದಲ್ಲಿ ಸುಮಾರು ಹತ್ತೂವರೆ ಅಡಿ ಅಗಲದ ವೃತ್ತವನ್ನು ಬೆಳಗುವುದು. ದೀಪವನ್ನು ೬೦ ಅಡಿಗೆ ಸರಿಸಿದರೆ ವೃತ್ತವು ೨೧ ಅಡಿಯಾಗುವುದು. ಅಷ್ಟೇ ಬೆಳಕು ನಾಲ್ಮಡಿ ವಿಸ್ತಾರಕ್ಕೆ ಹಂಚಿಹೋಗುವುದು. ಅದೇ ಬೆಳಕನ್ನೆಲ್ಲ ೧೦ ಡಿಗ್ರಿಗೆ ಕೂಡಿಸಿದೆವಾದರೆ ೬೦ ಅಡಿಯಲ್ಲಿಯೂ ಹತ್ತೂವರೆ ಅಡಿಯ ವೃತ್ತವೇ, ಮೊದಲಿನ ಪ್ರಕಾಶವೇ ದೊರೆಯುವುದು. ದೂರವು ಕಸಿದುಕೊಂಡುದನ್ನು ಕೋನವು ಮರಳಿ ಕೊಡುವುದು.

೧೮೮೧ರಲ್ಲಿ ಲಂಡನ್ನಿನ ಸವಾಯ್ ನಾಟಕಶಾಲೆಯು ಸ್ವಾನನ ಸುಮಾರು ೧೨೦೦ ವಿದ್ಯುದ್ದೀಪಗಳಿಂದ ಬೆಳಗಿತು. ಅದರ ಒಡೆಯನಾದ ಡಾಯ್ಲಿ ಕಾರ್ಟನು ಉರಿಯುವ ದೀಪವೊಂದನ್ನು ಸಭಿಕರೆದುರಿನಲ್ಲಿ ಒಡೆದು, ಬೆಂಕಿಯ ಭಯವಿಲ್ಲವೆಂದು ತೋರಿಸಿದನು. ಮುಂದೆ ೧೯೩೩ರಲ್ಲಿ ಅಮೆರಿಕದಲ್ಲಿ ಬಂದ, ಅಂಡಾಕಾರದ ಕನ್ನಡಿಯುಳ್ಳ ದೀಪವು, ವ್ಯರ್ಥವಾಗಿ ಚೆದರುತ್ತಿದ್ದ ಬೆಳಕನ್ನು ಹಿಡಿದು ಕಿರಿಯ ಕೋನದಲ್ಲಿ ದೂರಕ್ಕೆ ಕಳುಹಿತು.

ಇಂದು ನಾವು ಕತ್ತಲೆಯಲ್ಲಿ ಕುಳಿತಿರುವಾಗ ಆ ಕಿರಣವು ನಮ್ಮ ತಲೆಯ ಮೇಲಿನಿಂದ ಹಾದು ರಂಗವನ್ನು ಮುಟ್ಟುವುದು. ನರ್ತಕಿಯು ಸೆರಗಿನ ಚಿಂತೆಯಿಲ್ಲದೆ ಕುಣಿಯುವುದು ಈ ದೂರದ ಪ್ರಸಾದವೆಂಬುದನ್ನು ನಾವು ನೆನೆಯುವುದು ಉಚಿತ.