ಬೋರ್ಡ್ ಇಲ್ಲದ ಸಂಘ

ತುಳಸಿಗೇರಿಯವನಿಗೂ ಜರ್ಮನ್‌ಗೂ ಏನ್ ಸಂಬಂಧ ಅಂತೀರಾ? ಬಾಸೆಲ್ ಮಿಶನ್‌ನವರು 1851ರಲ್ಲೇ ನಮ್ಮ ಜಿಲ್ಲೆಯ ಗುಳೇದಗುಡ್ಡಕ್ಕೆ ಬಂದಿದ್ದರು. ಅದೇ ಮಿಶನ್‌ನ ಜರ್ಮನ್ ಪಾದ್ರಿ ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಬಂತು. ಈ ಚರಿತ್ರೆಯಲ್ಲಿ ನಮ್ಮ ಬಾಯಿಗೆ ಬರೋ ಹೆಸರೆಲ್ಲ ಗಂಡಸರವೇ.

ಜರ್ಮನ್ ಕಲಿಸುವ ಅಮೆರಿಕದ ವಿಶ್ವವಿದ್ಯಾಲಯಗಳಲ್ಲೂ ಆಗ ಹಂಗೇ ಇತ್ತು. ಪಠ್ಯದಲ್ಲೂ ಕುರ್ಚಿಯಲ್ಲೂ ಗಂಡಸರೇ ಹೆಚ್ಚಿದ್ದರು. ಅದಕ್ಕೇ 1970ರ ದಶಕದಲ್ಲಿ ಅಲ್ಲಿನ ಅಧ್ಯಾಪಕಿಯರು ‘ವಿಮೆನ್ ಇನ್ ಜರ್ಮನ್’ ಕಟ್ಟಿದರು, 1985ರಲ್ಲಿ ವಾರ್ಷಿಕ ಸಂಪುಟ ಶುರು ಮಾಡಿದರು. ನಮ್ಮಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದ್ದೂ ಆ ಕಾಲಕ್ಕೇ, 1979ರಲ್ಲಿ. ಮೊದಲ ಅಧ್ಯಕ್ಷೆ ಟಿ. ಸುನಂದಮ್ಮ.

‘ಹೆಂಗಸರಿಗೆ ಬೇರೆ ಸಂಘ ಯಾಕ್ರೀ?’ ಅನ್ನೋರಿದ್ದಾರೆ. ಬರೆದದ್ದನ್ನು ಓದಿ ಹೇಳೋರು, ಹುದ್ದೆ ಖಾಲಿ ಇದೆ ಅಂತ ತಿಳಿಸೋರು, ಶಿಫಾರಸು ಪತ್ರ ಕೊಡೋರು ಗಂಡಸರಿಗೆ ಮೊದಲಿಂದಲೂ ಇದ್ದರು. ಅದಕ್ಕೆ ಸಂಘ ಅನ್ನೋ ಬೋರ್ಡ್ ಇರಲಿಲ್ಲ, ಅಷ್ಟೇ.